ಕಾಗದದ ತೂಕ, ರಸ್ತೆಯ ಭಾರ

ಸುಂಟಿಕೊಪ್ಪ: ಕಾಫಿ ಕೊಯ್ಲಿನ ದಿನಗಳಲ್ಲಿ ತೋಟಗಳಿಂದ ಚೀಲ ಹೇರಿಕೊಂಡ ಪಿಕಪ್‌ಗಳು ಸುಂಟಿಕೊಪ್ಪ ದಾಟಿ ಕುಶಾಲನಗರದತ್ತ ಸಾಗುತ್ತವೆ. ಹೊರಡುವಾಗ ಚೀಲ ಎಣಿಸುವವರುಂಟು. ವಾಹನದ ಮಿತಿ ನೋಡುವವರು ವಿರಳ.

ಲೆಕ್ಕವೇನೂ ಕಠಿಣವಲ್ಲ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದಿಂದ ಖಾಲಿ ವಾಹನದ ತೂಕ ಕಳೆದರೆ ಉಳಿಯುವುದೇ ಹೊರೆಯ ಮಿತಿ. ಉದಾಹರಣೆಗೆ, ಒಟ್ಟು 3,000 ಕೆ.ಜಿ., ಖಾಲಿ 1,700 ಕೆ.ಜಿ. ಎಂದಿದ್ದರೆ ಹೇರಬಹುದಾದದ್ದು 1,300 ಕೆ.ಜಿ., ಅಂದರೆ 50 ಕೆ.ಜಿ.ಯ 26 ಚೀಲ. ಅಷ್ಟನ್ನೂ ಹೇರಿದ ಮೇಲೆ ಚಾಲಕ ಏರಿ ಕುಳಿತರೂ ಮಿತಿ ಮೀರಿದಂತೆಯೇ.

ಆದರೆ ರಸ್ತೆಯನ್ನು ಸವೆಸುವುದು ಒಂದೊಂದು ಆಕ್ಸಲ್ ಮೇಲೆ ಬೀಳುವ ಭಾರ. ಹಾನಿಯು ಸುಮಾರಾಗಿ ಆ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆಂಬುದು ಎಂಜಿನಿಯರುಗಳು ಒಪ್ಪಿದ ಸೂತ್ರ. ಭಾರ ಶೇ 20ರಷ್ಟು ಹೆಚ್ಚಿದರೆ ಹಾನಿ ಇಮ್ಮಡಿಯಾಗುತ್ತದೆ. ಹೀಗಿದ್ದರೂ 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಮರುತಿಂಗಳು ಕೊಡಗಿನಲ್ಲಿ ಭೂಕುಸಿತ ಸಂಭವಿಸಿ ಮಡಿಕೇರಿ–ಮಂಗಳೂರು ಹೆದ್ದಾರಿ ಬಂದ್ ಆಯಿತು. ಅದಕ್ಕೆ ಹೊಸ ಮಿತಿ ಕಾರಣವಲ್ಲ. ಆದರೆ ಗುಡ್ಡದ ರಸ್ತೆಗಳು ಎಷ್ಟು ದುರ್ಬಲವೆಂಬುದು ಬಯಲಾಯಿತು.

ಅನಂತರದ ಮಳೆಗಾಲಗಳಲ್ಲಿ ಜಿಲ್ಲಾಡಳಿತವು 18,500 ಕೆ.ಜಿ. ಮೀರಿದ ನೋಂದಾಯಿತ ತೂಕದ ಸರಕು ವಾಹನಗಳನ್ನು ನಿರ್ಬಂಧಿಸಿದ್ದುಂಟು. ಎರಡು ಆಕ್ಸಲ್‌ನ ಲಾರಿಯ ಗರಿಷ್ಠ ಮಿತಿಯೂ ಅಷ್ಟೇ: ಮುಂದೆ 7, ಹಿಂದೆ 11.5 ಟನ್. ತೊಡಕಿರುವುದು ಇಲ್ಲಿಯೇ. ನಿರ್ಬಂಧ ನೋಡುವುದು ಕಾಗದದ ತೂಕವನ್ನು. ಮೂರು ಆಕ್ಸಲ್‌ನ ಲಾರಿ ಹಿಂದಿನ ಒಂದೊಂದು ಆಕ್ಸಲ್‌ಗೆ 10.5 ಟನ್‌ನಷ್ಟೇ ಹಾಕಿದರೂ ತಡೆಗೊಳಗಾಗುತ್ತದೆ. ಮೂರು ಟನ್ ಹೆಚ್ಚು ಹೇರಿದ ಎರಡು ಆಕ್ಸಲ್‌ನ ಲಾರಿ, ತೂಗುವವರಿಲ್ಲದಿದ್ದರೆ, ಸಲೀಸಾಗಿ ಸಾಗುತ್ತದೆ. ಸೇತುವೆಗಳಿಗೆ, ಕುಸಿಯುವ ಬರೆಗಳಿಗೆ ಒಟ್ಟು ತೂಕವೂ ಮುಖ್ಯ, ನಿಜ. ಆದರೆ ಡಾಂಬರು ಕಿತ್ತುಹೋಗುವುದು ತಪ್ಪಬೇಕಾದರೆ ತೂಗಲೇಬೇಕು.

ಕಾನೂನಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಚಾಲಕನನ್ನಷ್ಟೇ ಅಲ್ಲ, ಅಂಥ ವಾಹನವನ್ನು ಓಡಿಸಲು ಬಿಟ್ಟವರನ್ನೂ ಹೊಣೆಯಾಗಿಸುತ್ತದೆ. 2019ರ ತಿದ್ದುಪಡಿ ದಂಡವನ್ನು 20,000 ರೂಪಾಯಿಗೆ, ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿಗೆ ಏರಿಸಿತು. ದಂಡ ಕಟ್ಟಿದ ಮಾತ್ರಕ್ಕೆ ಅಧಿಕ ಹೊರೆಯೊಡನೆ ಮುಂದೆ ಸಾಗುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಕಾಫಿ ಕೊಳ್ಳುವಾಗ ಹೇಗೂ ತೂಗಲಾಗುತ್ತದೆ. ಆ ತೂಕದ ಚೀಟಿಯನ್ನು ನೋಂದಣಿ ಪತ್ರದೊಡನೆ ತಾಳೆ ನೋಡಿದರೆ ಮಿತಿ ಮೀರಿದವರು ಯಾರು, ಹೇರಿಸಿದವರು ಯಾರು ಎಂಬುದು ತಿಳಿಯುತ್ತದೆ. ಈಗ ದಂಡದ ಭಯ ಚಾಲಕನಿಗೆ, ಹೆಚ್ಚುವರಿ ಚೀಲದ ಲಾಭ ಬೇರೆಯವರಿಗೆ, ರಸ್ತೆ ದುರಸ್ತಿಯ ವೆಚ್ಚ ಸಾರ್ವಜನಿಕರಿಗೆ.