ಏಷ್ಯನ್ ಲೂಜ್ ಚಾಂಪಿಯನ್‌ಶಿಪ್ ಫಲಿತಾಂಶಗಳು ಮತ್ತು ಭಾರತ

ಏಷ್ಯನ್ ಲೂಜ್ ಚಾಂಪಿಯನ್‌ಶಿಪ್ ಏಷ್ಯಾ ಖಂಡದ ರಾಷ್ಟ್ರಗಳ ಲೂಜ್ ಸ್ಪರ್ಧಿಗಳಿಗಾಗಿ ನಡೆಯುವ ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾಕೂಟವಾಗಿದೆ. ಈ ಕೂಟದ ಪುರುಷರ ಏಕವ್ಯಕ್ತಿ ವಿಭಾಗದಲ್ಲಿ ಭಾರತದ ಶಿವ ಕೇಶವನ್ 2011, 2012, 2016 ಮತ್ತು 2017ರಲ್ಲಿ ಚಿನ್ನದ ಪದಕ ಗಳಿಸಿದರು. ಮೊದಲ ಎರಡು ಗೆಲುವುಗಳನ್ನು ಭಾರತೀಯ ಪತ್ರಿಕೆಗಳು ‘ಏಷ್ಯಾ ಕಪ್’ ಎಂಬ ಹೆಸರಿನಲ್ಲಿಯೂ ವರದಿ ಮಾಡಿವೆ. ಇದೇ ಕ್ರೀಡಾಪಟು 1998ರಿಂದ 2018ರವರೆಗೆ ಸತತ ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ್ದು, ಅಲ್ಲಿ ಅವರ ಅತ್ಯುತ್ತಮ ಸ್ಥಾನ 25 ಆಗಿತ್ತು. ಖಂಡದ ಮಟ್ಟದ ಚಿನ್ನಕ್ಕೂ ಒಲಿಂಪಿಕ್ಸ್‌ನ ಸ್ಥಾನಕ್ಕೂ ನಡುವಿನ ಈ ಅಂತರವು ಆಟಗಾರನ ಸಾಮರ್ಥ್ಯದ ಏರಿಳಿತಕ್ಕಿಂತ ಹೆಚ್ಚಾಗಿ ಸ್ಪರ್ಧಿಗಳ ಸಂಖ್ಯೆ, ಹಿಮಪಥಗಳ ಲಭ್ಯತೆ ಮತ್ತು ಅವುಗಳ ನಿರ್ವಹಣೆಯ ವೆಚ್ಚವನ್ನು ಸೂಚಿಸುತ್ತದೆ.

ಕ್ರೀಡೆಯ ಸ್ವರೂಪ

ಲೂಜ್ ಎಂದರೆ ಚಿಕ್ಕ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಪಾದಗಳನ್ನು ಮುಂದಕ್ಕೆ ಚಾಚಿ, ಮಂಜುಗಡ್ಡೆಯ ಇಳಿಜಾರು ಪಥದಲ್ಲಿ ಕೆಳಗಿಳಿಯುವ ಕ್ರೀಡೆ. ಬಂಡಿಗೆ ಚುಕ್ಕಾಣಿಯಾಗಲಿ ಬ್ರೇಕ್ ಆಗಲಿ ಇರುವುದಿಲ್ಲ. ಮೀನಖಂಡಗಳಿಂದ ಬಂಡಿಯ ಮುಂಭಾಗವನ್ನು ಒತ್ತುವುದರಿಂದ ಹಾಗೂ ಭುಜಗಳ ಭಾರವನ್ನು ಬದಲಿಸುವುದರಿಂದ ಮಾತ್ರ ದಿಕ್ಕನ್ನು ನಿಯಂತ್ರಿಸಲಾಗುತ್ತದೆ. ಆರಂಭದಲ್ಲಿ ಸ್ಪರ್ಧಿಯು ಎರಡು ಬದಿಯ ಹಿಡಿಗಳನ್ನು ಎಳೆದು ಬಂಡಿಯನ್ನು ಮುಂದೂಡುತ್ತಾನೆ. ಬಳಿಕ ಮೊಳೆಗಳಿರುವ ಕೈಗವಸುಗಳಿಂದ ಮಂಜನ್ನು ಕೆಲವು ಬಾರಿ ತಳ್ಳಿ ಮಲಗಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ವೇಗವನ್ನು ನೀಡುವುದು ಗುರುತ್ವಾಕರ್ಷಣೆ ಮಾತ್ರ. ಸ್ಪರ್ಧಿಯ ಕೌಶಲವಿರುವುದು ಆ ವೇಗವನ್ನು ಕಳೆದುಕೊಳ್ಳದಿರುವುದರಲ್ಲಿ. ವೇಗವು ಗಂಟೆಗೆ 130 ಕಿ.ಮೀ.ಗಿಂತ ಹೆಚ್ಚಾಗಬಲ್ಲದು.

ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯಲಾಗುತ್ತದೆ ಮತ್ತು ಎಲ್ಲ ಸುತ್ತುಗಳ ಕಾಲವನ್ನು ಕೂಡಿಸಿ ಫಲಿತಾಂಶವನ್ನು ನಿರ್ಧರಿಸಲಾಗುತ್ತದೆ. ಬಂಡಿಯ ಉಕ್ಕಿನ ಪಟ್ಟಿಗಳನ್ನು ಬಿಸಿ ಮಾಡಿದರೆ ಜಾರುವಿಕೆ ಸುಲಭವಾಗುವುದರಿಂದ, ಅವುಗಳ ತಾಪಮಾನವನ್ನು ಸ್ಪರ್ಧೆಗೆ ಮುನ್ನ ಪರೀಕ್ಷಿಸುವ ನಿಯಮವಿದೆ. ಹಗುರ ದೇಹದವರು ನಿಗದಿತ ಮಿತಿಯೊಳಗೆ ಹೆಚ್ಚುವರಿ ತೂಕವನ್ನು ಧರಿಸಬಹುದು. ಇಷ್ಟು ಸೂಕ್ಷ್ಮವಾದ ಕ್ರೀಡೆಯಲ್ಲಿ ಗೆಲುವಿನ ಅಂತರವೂ ಅಷ್ಟೇ ಸೂಕ್ಷ್ಮವಾಗಿರುವುದು ಸಹಜ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಸಿಲ್ಕೆ ಕ್ರೌಸ್‌ಹಾರ್ ತಮ್ಮದೇ ದೇಶದ ಬಾರ್ಬರಾ ನೀಡರ್‌ನ್‌ಹೂಬರ್ ಅವರಿಗಿಂತ ಕೇವಲ 0.002 ಸೆಕೆಂಡು ಮುಂದಿದ್ದು ಮಹಿಳೆಯರ ಚಿನ್ನವನ್ನು ಪಡೆದರು. ಅವರಿಬ್ಬರ ನಡುವಿನ ಆ ಅಂತರವು ನಾಲ್ಕು ಸುತ್ತುಗಳ ಒಟ್ಟು ಕಾಲದಲ್ಲಿನ ಅಂತರವಾಗಿತ್ತು.

ನಾಗಾನೊ ಪಥ

ಏಷ್ಯನ್ ಚಾಂಪಿಯನ್‌ಶಿಪ್‌ನ ಇತಿಹಾಸದ ಬಹುಭಾಗವು ಜಪಾನಿನ ನಾಗಾನೊ ನಗರದ ‘ಸ್ಪೈರಲ್’ ಪಥಕ್ಕೆ ಅಂಟಿಕೊಂಡಿದೆ. 1998ರ ಒಲಿಂಪಿಕ್ಸ್‌ಗಾಗಿ ನಿರ್ಮಿಸಲಾದ ಈ ಪಥವು 1996ರಲ್ಲಿ ಬಳಕೆಗೆ ಬಂತು. 15 ತಿರುವುಗಳಿರುವ ಈ ಪಥದ ವಿಶೇಷವೆಂದರೆ ಇಳಿಜಾರಿನ ನಡುವೆ ಬರುವ ಎರಡು ಏರುಭಾಗಗಳು. ಏರುಭಾಗವನ್ನು ಹತ್ತುವಾಗ ಬಂಡಿಗೆ ಹೊಸ ವೇಗ ದೊರೆಯುವುದಿಲ್ಲವಾದ್ದರಿಂದ, ಅದಕ್ಕೆ ಮೊದಲಿನ ತಿರುವಿನಲ್ಲಿ ಗೋಡೆಗೆ ಉಜ್ಜಿ ಕಳೆದುಕೊಂಡ ವೇಗವನ್ನು ಮರಳಿ ಪಡೆಯಲು ಅವಕಾಶ ಕಡಿಮೆ. ಆದ್ದರಿಂದ ಈ ಪಥದಲ್ಲಿ ಹಳೆಯ ಅನುಭವಕ್ಕೆ ಹೆಚ್ಚಿನ ಬೆಲೆಯಿತ್ತು.

ಕೇಶವನ್ ಅವರ ಕ್ರೀಡಾಜೀವನವೂ ಇದೇ ಪಥದ ಸುತ್ತ ಬೆಳೆದಿದೆ. 1981ರಲ್ಲಿ ಜನಿಸಿ ಹಿಮಾಚಲ ಪ್ರದೇಶದ ಮನಾಲಿ ಪರಿಸರದಲ್ಲಿ ಬೆಳೆದ ಅವರು, 16ನೇ ವಯಸ್ಸಿನಲ್ಲಿ ಇಲ್ಲಿಯೇ ತಮ್ಮ ಮೊದಲ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ 28ನೇ ಸ್ಥಾನ ಪಡೆದರು. ಒಲಿಂಪಿಕ್ಸ್‌ನ ಲೂಜ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಮೊದಲಿಗರು ಅವರೇ. ಬಳಸಿದ ಬಂಡಿ ಎರವಲಿನದು. ಏಷ್ಯನ್ ಮಟ್ಟದಲ್ಲಿ 2005 ಮತ್ತು 2008ರಲ್ಲಿ ಕಂಚು, 2009ರಲ್ಲಿ ಬೆಳ್ಳಿ ಹಾಗೂ 2011ರಲ್ಲಿ ಮೊದಲ ಚಿನ್ನ ಇದೇ ಪಥದಲ್ಲಿ ದೊರೆತವು. ಆ ವರ್ಷಗಳಲ್ಲಿ ಜಪಾನಿನ ಹಿಡೆನಾರಿ ಕನಾಯಾಮ ಅವರ ಪ್ರಮುಖ ಪ್ರತಿಸ್ಪರ್ಧಿಯಾಗಿದ್ದರು.

2016ರ ಫಲಿತಾಂಶ

2016ರ ಡಿಸೆಂಬರ್‌ನಲ್ಲಿ ನಾಗಾನೊದಲ್ಲಿ ನಡೆದ ಚಾಂಪಿಯನ್‌ಶಿಪ್‌ನ ಪುರುಷರ ವಿಭಾಗದಲ್ಲಿ ಕೇಶವನ್ ಒಟ್ಟು 1 ನಿಮಿಷ 39.962 ಸೆಕೆಂಡುಗಳಲ್ಲಿ ಗುರಿ ತಲುಪಿದರು. ಜಪಾನಿನ ಶೋಹೆಯ್ ತನಾಕಾ 1 ನಿಮಿಷ 44.874 ಸೆಕೆಂಡುಗಳಲ್ಲಿ ಬೆಳ್ಳಿಯನ್ನೂ ಚೀನೀ ತೈಪೆಯ ಲಿಯೆನ್ ತೆ-ಆನ್ 1 ನಿಮಿಷ 45.120 ಸೆಕೆಂಡುಗಳಲ್ಲಿ ಕಂಚನ್ನೂ ಪಡೆದರು.

ಈ ಮೂರು ಸಂಖ್ಯೆಗಳು ಪದಕದ ಸುದ್ದಿಗಿಂತ ಹೆಚ್ಚಿನದನ್ನು ಹೇಳುತ್ತವೆ. ಮೊದಲ ಮತ್ತು ಎರಡನೆಯ ಸ್ಥಾನಗಳ ನಡುವೆ 4.912 ಸೆಕೆಂಡುಗಳ ಅಂತರವಿದೆ. ಎರಡನೆಯ ಮತ್ತು ಮೂರನೆಯ ಸ್ಥಾನಗಳ ನಡುವೆ ಇರುವುದು 0.246 ಸೆಕೆಂಡು ಮಾತ್ರ. ಅಂದರೆ ಬೆಳ್ಳಿ ಮತ್ತು ಕಂಚಿಗಾಗಿ ಒಂದು ಸ್ಪರ್ಧೆ ನಡೆದಿದ್ದರೆ, ಚಿನ್ನ ಗೆದ್ದವರು ಬೇರೊಂದು ಮಟ್ಟದಲ್ಲಿದ್ದರು. 1998ರ ಒಲಿಂಪಿಕ್ಸ್‌ನಲ್ಲಿ ಇದೇ ಪಥದ ಪುರುಷರ ಸ್ಪರ್ಧೆಯನ್ನು ಜರ್ಮನಿಯ ಗಿಯೋರ್ಗ್ ಹಾಕ್ಲ್ ನಾಲ್ಕು ಸುತ್ತುಗಳಲ್ಲಿ 3 ನಿಮಿಷ 18.436 ಸೆಕೆಂಡುಗಳಿಂದ ಗೆದ್ದಿದ್ದರು. ಎರಡನೆಯವರಾದ ಇಟಲಿಯ ಆರ್ಮಿನ್ ಝೋಗೆಲರ್ ಅವರ ಕಾಲ 3 ನಿಮಿಷ 18.939 ಸೆಕೆಂಡು. ಒಲಿಂಪಿಕ್ಸ್‌ನ ನಾಲ್ಕು ಸುತ್ತುಗಳಲ್ಲಿ ಅರ್ಧ ಸೆಕೆಂಡಿನಷ್ಟಿದ್ದ ಅಂತರವು ಏಷ್ಯನ್ ಕೂಟದ ಎರಡೇ ಸುತ್ತುಗಳಲ್ಲಿ ಸುಮಾರು ಹತ್ತು ಪಟ್ಟಾಗಿತ್ತು.

ಇಷ್ಟನ್ನೇ ನೋಡಿದರೆ ಚಿನ್ನವು ಸುಲಭವಾಗಿ ಸಿಕ್ಕಿತೆಂಬ ನಿರ್ಣಯಕ್ಕೆ ಬರಬಹುದು. ಆದರೆ ಸರಾಸರಿ ಕಾಲವು ಇನ್ನೊಂದು ಮುಖವನ್ನು ತೋರಿಸುತ್ತದೆ. ಹಾಕ್ಲ್ ಅವರ ಸರಾಸರಿ ಒಂದು ಸುತ್ತಿಗೆ 49.609 ಸೆಕೆಂಡು, 2016ರಲ್ಲಿ ಕೇಶವನ್ ಅವರದು 49.981 ಸೆಕೆಂಡು. ಹದಿನೆಂಟು ವರ್ಷಗಳಲ್ಲಿ ಬಂಡಿಯ ತಂತ್ರಜ್ಞಾನ ಬದಲಾಗಿದೆ, ಮಂಜಿನ ಸ್ಥಿತಿಯೂ ದಿನದಿಂದ ದಿನಕ್ಕೆ ಬೇರೆ. ಆದ್ದರಿಂದ ಇದನ್ನು ನೇರ ಹೋಲಿಕೆಯೆಂದು ಭಾವಿಸಲಾಗದು. ಆದರೂ 35 ವರ್ಷದ, ತನ್ನ ದೇಶದಲ್ಲಿ ಒಂದೂ ಹಿಮಪಥವಿಲ್ಲದ ಸ್ಪರ್ಧಿಯೊಬ್ಬರು ಪರಿಚಿತ ಪಥದಲ್ಲಿ ಹಳೆಯ ಒಲಿಂಪಿಕ್ ವಿಜೇತರ ಸರಾಸರಿಗೆ ಅರ್ಧ ಸೆಕೆಂಡಿನೊಳಗೆ ಬಂದದ್ದು ಎದುರಾಳಿಗಳ ದೌರ್ಬಲ್ಯದಿಂದ ಮಾತ್ರ ವಿವರಿಸಬಹುದಾದ ಸಂಗತಿಯಲ್ಲ. ಗೆಲುವಿನ ಅಂತರವು ಕಣದ ತೆಳುವನ್ನು ತೋರಿಸಿದರೆ, ಗೆಲುವಿನ ಕಾಲವು ಸ್ಪರ್ಧಿಯ ಮಟ್ಟವನ್ನು ತೋರಿಸುತ್ತದೆ. ಭಾರತೀಯ ಮಾಧ್ಯಮಗಳು ಆಗ ‘ಏಷ್ಯಾದ ಚಾಂಪಿಯನ್’ ಎಂಬ ಪದವನ್ನು ಎತ್ತಿ ಹಿಡಿದವು. ಕಾಲದ ಅಂಕಿಗಳ ಕಡೆಗೆ ಗಮನ ಹರಿದದ್ದು ಕಡಿಮೆ.

2017: ಆಲ್ಟೆನ್‌ಬರ್ಗ್

ಮರುವರ್ಷದ ಏಷ್ಯನ್ ಚಾಂಪಿಯನ್‌ಶಿಪ್ ನಡೆದದ್ದು ಏಷ್ಯಾದಲ್ಲಲ್ಲ, ಜರ್ಮನಿಯ ಆಲ್ಟೆನ್‌ಬರ್ಗ್‌ನಲ್ಲಿ. ನವೆಂಬರ್ ತಿಂಗಳಲ್ಲಿ ನಡೆದ ಆ ಕೂಟದಲ್ಲಿ ಕೇಶವನ್ ಚಿನ್ನವನ್ನು ಉಳಿಸಿಕೊಂಡರು. ನಾಗಾನೊದ ಪರಿಚಯವೇ ಅವರ ಗೆಲುವುಗಳಿಗೆ ಕಾರಣವೆಂಬ ಸಂದೇಹಕ್ಕೆ ಈ ಫಲಿತಾಂಶವು ಒಂದು ಮಟ್ಟಿನ ಉತ್ತರವಾಗಿದೆ. ಒಂದು ಖಂಡದ ಪ್ರಶಸ್ತಿಯನ್ನು ಮತ್ತೊಂದು ಖಂಡದ ಮಂಜಿನ ಮೇಲೆ ನಿರ್ಧರಿಸಬೇಕಾಗಿ ಬಂದದ್ದು ಈ ಕ್ರೀಡೆಯ ಭೂಗೋಳವನ್ನು ಸ್ಪಷ್ಟಪಡಿಸುತ್ತದೆ. ಜರ್ಮನಿಯೊಂದರಲ್ಲಿಯೇ ಆಲ್ಟೆನ್‌ಬರ್ಗ್, ಓಬರ್‌ಹೋಫ್, ವಿಂಟರ್‌ಬರ್ಗ್ ಮತ್ತು ಕೋನಿಗ್‌ಸೀ ಎಂಬ ನಾಲ್ಕು ಕೃತಕ ಪಥಗಳಿದ್ದವು.

ಒಲಿಂಪಿಕ್ಸ್ ಸ್ಥಾನಗಳು

ಕೇಶವನ್ 1998ರಲ್ಲಿ 28, 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ 33, 2006ರ ಟ್ಯೂರಿನ್‌ನಲ್ಲಿ 25, 2010ರ ವ್ಯಾಂಕೂವರ್‌ನಲ್ಲಿ 29, 2014ರ ಸೋಚಿಯಲ್ಲಿ 37 ಮತ್ತು 2018ರ ಪ್ಯೊಂಗ್‌ಚಾಂಗ್‌ನಲ್ಲಿ 34ನೇ ಸ್ಥಾನ ಪಡೆದರು. ಏಷ್ಯಾದಲ್ಲಿ ಚಿನ್ನ ದೊರೆತ ವರ್ಷಗಳಲ್ಲಿಯೇ ಒಲಿಂಪಿಕ್ಸ್ ಸ್ಥಾನವು ಕೆಳಗಿಳಿದಿರುವುದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸುತ್ತದೆ. ಯೂರೋಪಿನ ತಂಡಗಳು ಬಂಡಿಯ ವಿನ್ಯಾಸ, ಗಾಳಿಸುರಂಗ ಪರೀಕ್ಷೆ ಮತ್ತು ಪೂರ್ಣಾವಧಿ ತರಬೇತುದಾರರ ಮೇಲೆ ಹೂಡುವ ಬಂಡವಾಳವನ್ನು ಗಮನಿಸಿದರೆ ಅದು ಹಾಗಲ್ಲ. ಕೇಶವನ್ ಬೇಸಿಗೆಯಲ್ಲಿ ಚಕ್ರಗಳನ್ನು ಜೋಡಿಸಿದ ಬಂಡಿಯಲ್ಲಿ ಹಿಮಾಲಯದ ರಸ್ತೆಗಳ ಮೇಲೆ ವಾಹನಗಳ ನಡುವೆ ಅಭ್ಯಾಸ ನಡೆಸುತ್ತಿದ್ದರು. ಹಣಕ್ಕಾಗಿ ಸಾರ್ವಜನಿಕರ ದೇಣಿಗೆಯನ್ನೂ ಅವಲಂಬಿಸಿದ್ದರು.

ಫಲಿತಾಂಶದ ಪಟ್ಟಿಯಲ್ಲಿ ಕಾಣದ ಇನ್ನೂ ಎರಡು ಸಂಗತಿಗಳಿವೆ. 2010ರ ಫೆಬ್ರವರಿ 12ರಂದು ವ್ಯಾಂಕೂವರ್ ಕೂಟದ ವಿಸ್ಲರ್ ಪಥದಲ್ಲಿ ಅಭ್ಯಾಸದ ವೇಳೆ ಜಾರ್ಜಿಯಾದ ನೋಡಾರ್ ಕುಮಾರಿತಾಶ್ವಿಲಿ ಮೃತಪಟ್ಟರು. ನಂತರ ಪುರುಷರ ಸ್ಪರ್ಧೆಯ ಆರಂಭಸ್ಥಾನವನ್ನು ಕೆಳಕ್ಕಿಳಿಸಲಾಯಿತು. ಒಂದು ಪಥದಲ್ಲಿ ಎಷ್ಟು ಬಾರಿ ಇಳಿದ ಅನುಭವವಿದೆ ಎಂಬುದು ಸ್ಥಾನದ ಪ್ರಶ್ನೆ ಮಾತ್ರವಲ್ಲದೆ ಸುರಕ್ಷತೆಯ ಪ್ರಶ್ನೆಯೂ ಹೌದೆಂಬುದನ್ನು ಆ ಘಟನೆ ಮನಗಾಣಿಸಿತು. ಎರಡನೆಯದು ಸೋಚಿಗೆ ಸಂಬಂಧಿಸಿದ್ದು. ಭಾರತೀಯ ಒಲಿಂಪಿಕ್ ಸಂಸ್ಥೆ 2012ರ ಡಿಸೆಂಬರ್‌ನಲ್ಲಿ ಅಮಾನತುಗೊಂಡಿದ್ದರಿಂದ ಕೇಶವನ್ ಅಲ್ಲಿ ಸ್ವತಂತ್ರ ಸ್ಪರ್ಧಿಯಾಗಿ, ಒಲಿಂಪಿಕ್ ಧ್ವಜದಡಿ ಇಳಿದರು. 2014ರ ಫೆಬ್ರವರಿ 11ರಂದು ಅಮಾನತು ರದ್ದಾಯಿತು. ಅವರ ಸ್ಪರ್ಧೆ ಅದಕ್ಕೆ ಎರಡು ದಿನ ಮೊದಲೇ ಮುಗಿದಿತ್ತು.

ಏಷ್ಯನ್ ಪದಕವು ಒಲಿಂಪಿಕ್ಸ್‌ಗೆ ತಾನಾಗಿಯೇ ಪ್ರವೇಶವನ್ನು ನೀಡುವುದಿಲ್ಲ. ವಿಶ್ವಕಪ್ ಸರಣಿಯ ಸ್ಪರ್ಧೆಗಳಲ್ಲಿ ಭಾಗವಹಿಸಿ ಅಂಕ ಗಳಿಸಬೇಕಾಗುತ್ತದೆ. ಆ ಸರಣಿಯು ಮುಖ್ಯವಾಗಿ ಯೂರೋಪ್ ಮತ್ತು ಉತ್ತರ ಅಮೆರಿಕದ ಪಥಗಳಲ್ಲಿ ನಡೆಯುವುದರಿಂದ, ಚಳಿಗಾಲದ ತಿಂಗಳುಗಳನ್ನು ಬಂಡಿಯೊಂದಿಗೆ ದೇಶದಿಂದ ದೇಶಕ್ಕೆ ಪ್ರಯಾಣಿಸುತ್ತ ಕಳೆಯುವ ಸಾಮರ್ಥ್ಯವೇ ಮೊದಲ ಅರ್ಹತೆಯಾಗಿ ಪರಿಣಮಿಸುತ್ತದೆ. ಭಾರತದ ಬಹುಪಾಲು ಆಸಕ್ತರು ಹಿಂದುಳಿಯುವುದು ಈ ಹಂತದಲ್ಲಿಯೇ.

ಪಥಗಳ ಆರ್ಥಿಕತೆ

ಕೃತಕ ಹಿಮಪಥವೆಂದರೆ ಕಾಂಕ್ರೀಟಿನ ತೊಟ್ಟಿಯಂತಹ ರಚನೆ. ಅದರೊಳಗೆ ಶೀತಕವು ಹರಿಯುವ ಕೊಳವೆಗಳು ಹುದುಗಿರುತ್ತವೆ. ಬಳಸುವವರು ಕೆಲವೇ ಮಂದಿಯಾದರೂ ಮಂಜನ್ನು ಇಡೀ ಋತುವಿನಲ್ಲಿ ಕಾಯ್ದುಕೊಳ್ಳಬೇಕು. ನಾಗಾನೊ ನಗರಾಡಳಿತವು ವೆಚ್ಚದ ಕಾರಣದಿಂದ 2017–18ರ ಋತುವಿನ ನಂತರ ಸ್ಪೈರಲ್‌ನಲ್ಲಿ ಮಂಜುಗಡ್ಡೆ ಹಾಕುವುದನ್ನು ನಿಲ್ಲಿಸಿತು. 2006ರ ಟ್ಯೂರಿನ್ ಕೂಟಕ್ಕಾಗಿ ಚೆಸಾನಾ ಪರಿಯೋಲ್‌ನಲ್ಲಿ ಕಟ್ಟಿದ ಪಥವೂ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಕೇಶವನ್ ಅವರ ಮೂರು ಏಷ್ಯನ್ ಚಿನ್ನಗಳ ಪಥವೂ ಒಲಿಂಪಿಕ್ಸ್‌ನಲ್ಲಿ ಅವರ ಅತ್ಯುತ್ತಮ ಸ್ಥಾನದ ಪಥವೂ ಹೀಗೆ ಬಳಕೆಯಿಂದ ಹೊರಗುಳಿದಿವೆ. ಕೋನಿಗ್‌ಸೀ ಪಥವು 2021ರ ಜುಲೈನ ಪ್ರವಾಹದಲ್ಲಿ ತೀವ್ರವಾಗಿ ಹಾನಿಗೊಂಡಿತು. 2026ರ ಒಲಿಂಪಿಕ್ಸ್‌ಗಾಗಿ ಇಟಲಿಯ ಕೊರ್ಟಿನಾದಲ್ಲಿ ಹಳೆಯ ಪಥದ ಜಾಗದಲ್ಲಿ ಹೊಸದನ್ನು ಕಟ್ಟುವ ನಿರ್ಧಾರವು ವೆಚ್ಚದ ದೃಷ್ಟಿಯಿಂದ ತೀವ್ರ ಟೀಕೆಗೆ ಒಳಗಾಗಿತ್ತು.

ಏಷ್ಯಾದಲ್ಲಿ ಈ ಕ್ರೀಡೆಯ ಕೇಂದ್ರವು ಈಗ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಮತ್ತು ಚೀನಾದ ಯಾನ್‌ಚಿಂಗ್ ಪಥಗಳ ಕಡೆಗೆ ಸರಿದಿದೆ. ಎರಡೂ ಒಲಿಂಪಿಕ್ಸ್ ಆತಿಥ್ಯದ ಫಲ. ಪಥದ ಜೊತೆಗೆ ತಂಡವನ್ನೂ ಕಟ್ಟಲು ಆತಿಥೇಯ ದೇಶಗಳು ಹಣ ಹೂಡಿದವು. ಜರ್ಮನಿಯಲ್ಲಿ ಬೆಳೆದ ಐಲೀನ್ ಫ್ರಿಶ್ ಕೊರಿಯಾದ ಪೌರತ್ವ ಪಡೆದು 2018ರ ಮಹಿಳೆಯರ ವಿಭಾಗದಲ್ಲಿ 8ನೇ ಸ್ಥಾನ ಗಳಿಸಿದರು. ಆ ವಿಧಾನದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ, ಪಥವಿರುವ ದೇಶಕ್ಕೆ ಸ್ಪರ್ಧಿಗಳನ್ನು ಆಕರ್ಷಿಸುವ ಶಕ್ತಿಯಿರುತ್ತದೆ ಎಂಬುದನ್ನು ಇದು ತೋರಿಸಿತು.

ಭಾರತದಲ್ಲಿನ ಸ್ಥಿತಿ

ಭಾರತದಲ್ಲಿ ಲೂಜ್‌ಗೆ ಬೇಕಾದ ಕೃತಕ ಹಿಮಪಥವಿಲ್ಲ. ಕೇಶವನ್ 2018ರ ಒಲಿಂಪಿಕ್ಸ್ ನಂತರ ನಿವೃತ್ತರಾದರು. 2020ನೇ ಸಾಲಿನ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. ಮೊದಲ ಏಷ್ಯನ್ ಚಿನ್ನ ಮತ್ತು ಈ ಪ್ರಶಸ್ತಿಯ ನಡುವೆ ಒಂಬತ್ತು ವರ್ಷಗಳು ಕಳೆದಿದ್ದವು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ ಕಾಶ್ಮೀರದ ಸ್ಕೀಯಿಂಗ್ ಪಟು ಆರಿಫ್ ಖಾನ್ ಆಗಿದ್ದರು. ಲೂಜ್‌ನಲ್ಲಿ ಭಾರತದಿಂದ ಯಾರೂ ಇರಲಿಲ್ಲ.

ನೈಸರ್ಗಿಕ ಹಿಮವೇ ಇಲ್ಲದ ಕರ್ನಾಟಕದಿಂದಲೂ ಚಳಿಗಾಲದ ಕ್ರೀಡೆಗಳಲ್ಲಿ ಸ್ಪರ್ಧಿಗಳು ಹೊರಹೊಮ್ಮಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ಕರ್ನಾಟಕಕ್ಕೆ ಪದಕಗಳನ್ನು ತಂದಿದ್ದಾರೆ. ಸ್ಕೀಯಿಂಗ್‌ಗೆ ಗುಲ್ಮಾರ್ಗ್, ಔಲಿಗಳಂತಹ ಇಳಿಜಾರುಗಳು ದೇಶದೊಳಗೇ ಇವೆ. ಐಸ್ ಸ್ಕೇಟಿಂಗ್‌ಗೆ ರೋಲರ್ ಸ್ಕೇಟಿಂಗ್‌ನ ಅಭ್ಯಾಸವು ಬುನಾದಿಯಾಗುತ್ತದೆ. ಲೂಜ್‌ಗೆ ಅಂತಹ ಅಡ್ಡದಾರಿಯಿಲ್ಲ. ಚಕ್ರದ ಬಂಡಿಯು ದೇಹದ ಸಮತೋಲನವನ್ನು ಕಲಿಸಬಲ್ಲದೇ ಹೊರತು, ಕಡಿದಾದ ತಿರುವಿನಲ್ಲಿ ಮಂಜಿನ ಗೋಡೆಯನ್ನೇರಿ ಸರಿಯಾದ ಕ್ಷಣದಲ್ಲಿ ಕೆಳಗಿಳಿಯುವುದನ್ನು ಕಲಿಸಲಾರದು. ಅದಕ್ಕಾಗಿ ಭಾರತೀಯ ಸ್ಪರ್ಧಿಗೆ ಏಷ್ಯಾದಲ್ಲಿರುವ ಪಥಗಳು ಚೀನಾ ಮತ್ತು ಕೊರಿಯಾದಲ್ಲಿವೆ.