ಗುಮಾಸ್ತನ ಕಿಟಕಿ: ಮಿಸ್ತ್ರಿಯಣ್ಣ

ಈ ಸಲ ನಮ್ಮ ಕಿಟಕಿಯಿಂದ ಕಚೇರಿಯ ಕಡೆಗೆ ನೋಡುವುದಿಲ್ಲ. ಬಡ್ತಿಯ ಮಾತು, ತುಟ್ಟಿಭತ್ಯದ ಮಾತು, ಮೇಲಧಿಕಾರಿಗಳ ಮೂಗಿನ ತುದಿಯ ಸಿಟ್ಟಿನ ಮಾತು ಮುಂದಿನ ಸಂಚಿಕೆಗಿರಲಿ. ನಮ್ಮ ಸಂಘದ ಹಳೆಯ ಸದಸ್ಯರಿಗೆಲ್ಲ ಬೇಕಾಗಿದ್ದ ಒಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ವಿಷಯ ನಾಲ್ಕು ಮಾತು ಬರೆಯದೆ ಬೇರೇನು ಬರೆಯಹೊರಟರೂ ನಮ್ಮ ಲೇಖನಿ ಓಡದು.

ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೇ ಆಗದು. ಕಟ್ಟಡ ನಿಧಿಗೆ ಕೊಟ್ಟ ಹಣಕ್ಕೆ ರಶೀತಿ ಬರೆಯುವಾಗಲೂ, "ಹೆಸರೆಂತಕ್ಕೆ ಮಾರಾಯ್ರೆ, ಹಿತೈಷಿ ಅಂತ ಬರೀರಿ" ಎನ್ನುತ್ತಿದ್ದ ಜೀವ ಅದು. ಈ 'ಹಿತೈಷಿ' ಯಾರೆಂದು ಲೆಕ್ಕತಪಾಸಣೆಯವರು ನಮ್ಮನ್ನು ಪೀಡಿಸಿದ್ದೂ ಉಂಟು. ಹಿರಿಯರು ಕಿರಿಯರು ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮಿಸ್ತ್ರಿಯಣ್ಣ ಎಂದು. ಊರ ಕಡೆ ಮೇಸ್ತ್ರಿ ಎಂದರೆ ಗಾರೆಯವನು. ಈ ಮುಂಬಯಿಯಲ್ಲಿ ಮಿಸ್ತ್ರಿ ಎಂದರೆ ಮೋಟಾರು ರಿಪೇರಿಯವನು. ಆ ವ್ಯತ್ಯಾಸವನ್ನು ನಮಗೆ ಮೊದಲು ತಿಳಿಸಿಕೊಟ್ಟವರೂ ಅವರೇ.

ಅವರು ಕುಂದಾಪುರದ ಕಡೆಯ ಹಳ್ಳಿಯಿಂದ ಬಂದವರು. ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿ ಸೇರಿ, ಆ ಕಾಲದ ಎಷ್ಟೋ ಹುಡುಗರಂತೆ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಬರೆದರು. ಏಳನೆಯ ಇಯತ್ತೆಗೆ ಓದು ನಿಂತಿತು. ಆಮೇಲೆ ಒಂದು ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವ ಕೆಲಸ. ಎತ್ತಿಕೊಡುತ್ತ ಕೊಡುತ್ತ ನೋಡಿ ಕಲಿತರು. ಮುಂದೆ ಕುರ್ಲಾದಲ್ಲಿ ಒಂದು ಮರದಡಿ, ತಗಡಿನ ಮಾಡು ಹಾಕಿ ತಮ್ಮದೇ ಗ್ಯಾರೇಜು ಮಾಡಿಕೊಂಡರು.

ಅವರ ಅನ್ನದಾತೆ ಪದ್ಮಿನಿ. ವಾಚಕರು ಗಾಬರಿಪಡಬೇಕಾಗಿಲ್ಲ, ಕಪ್ಪು-ಹಳದಿ ಬಣ್ಣದ ಟ್ಯಾಕ್ಸಿಯ ಮಾತು ಹೇಳುತ್ತಿದ್ದೇವೆ. 1964ರಲ್ಲಿ ಕುರ್ಲಾದ ಕಾರ್ಖಾನೆಯಿಂದಲೇ ಫಿಯಟ್ ಡಿಲೈಟ್ ಎಂದು ಹೊರಬಿದ್ದ ಆ ಗಾಡಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. ಆ ಗಾಡಿಯ ನಾಡಿಯನ್ನು ನಮ್ಮ ಮಿಸ್ತ್ರಿಯಣ್ಣ ಕಿವಿಯಿಂದಲೇ ಹಿಡಿಯುತ್ತಿದ್ದರು. ಬಾನೆಟ್ಟು ತೆರೆಯುವ ಮೊದಲೇ, "ಕಾರ್ಬೊರೇಟರಿನಲ್ಲಿ ಕಸ ಉಂಟು" ಎಂದೋ, "ಟ್ಯಾಪೆಟ್ ಸಡಿಲ" ಎಂದೋ ಹೇಳಿಬಿಡುತ್ತಿದ್ದರು. ಪಾಯಿಂಟಿನ ನಡುವೆ ಎಷ್ಟು ಸಂದು ಬೇಕೆಂಬುದಕ್ಕೆ ನಮ್ಮ ಸಂಘದ ಆಮಂತ್ರಣ ಪತ್ರದ ಒಂದು ಚೂರೇ ಅವರಿಗೆ ಅಳತೆಗೋಲು. "ನೀವು ಕಾರ್ಡು ಒಳ್ಳೇ ದಪ್ಪದ್ದೇ ಹಾಕಿಸ್ತೀರಿ. ಭಾಷಣ ಕೇಳ್ಲಿಕ್ಕೆ ಜನ ಬಾರದಿದ್ರೂ ಗಾಡಿ ಓಡ್ತದೆ" ಎಂದು ನಮ್ಮನ್ನು ಹಾಸ್ಯ ಮಾಡುತ್ತಿದ್ದರು.

2005ನೆಯ ಇಸವಿ ಜುಲೈ 26ನ್ನು ಈ ಊರಿನವರು ಯಾರೂ ಮರೆತಿಲ್ಲ. ಒಂದೇ ದಿನದಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ. ಮೀಠೀ ನದಿ ಉಕ್ಕಿ ಕುರ್ಲಾದ ಚಾಳುಗಳಿಗೆಲ್ಲ ನುಗ್ಗಿತು. ನಮಗಾಗ ಹದಿನೇಳು ವರ್ಷ. ಮಿಸ್ತ್ರಿಯಣ್ಣ ತಮ್ಮ ಗ್ಯಾರೇಜಿನ ಗತಿ ಏನಾಯಿತೆಂದು ನೋಡಲೂ ಹೋಗಲಿಲ್ಲ. ಗಾಡಿ ಎಳೆಯುವ ಹಗ್ಗವನ್ನು ದೀಪದ ಕಂಬಕ್ಕೆ ಬಿಗಿದು, ಎದೆಮಟ್ಟದ ನೀರಿನಲ್ಲಿ ನಿಂತು, ಮುದುಕರನ್ನೂ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಮಹಡಿಯ ಮನೆಗಳಿಗೆ ದಾಟಿಸಿದರು. ಅವರು ದಾಟಿಸಿದವರಲ್ಲಿ ನಮ್ಮ ಅಜ್ಜಿಯೂ ಒಬ್ಬರು.

ನೀರಿಳಿದ ಮೇಲೆ ಬೀದಿ ತುಂಬ ಸತ್ತ ಎಮ್ಮೆಗಳಂತೆ ಟ್ಯಾಕ್ಸಿಗಳು. ಚಾಲಕರು ಅವಸರದಲ್ಲಿ ಕೀಲಿ ತಿರುಗಿಸಹೊರಟರೆ ಮಿಸ್ತ್ರಿಯಣ್ಣ ಓಡಿಹೋಗಿ ಕೈ ಹಿಡಿಯುತ್ತಿದ್ದರು. ಸಿಲಿಂಡರಿನೊಳಗೆ ನೀರಿದ್ದಾಗ ಇಂಜಿನ್ನು ತಿರುಗಿಸಿದರೆ ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಗೆ ಚಿಮ್ಮಿಸಿ, ಎಣ್ಣೆ ಬದಲಿಸಿ, ಆಮೇಲೆ ಚಾಲೂ ಮಾಡಬೇಕು. ವಾರಗಟ್ಟಲೆ ಅವರಿಗೆ ಅದೇ ಕೆಲಸ. ಎಣ್ಣೆಯ ಹಣ ಮಾತ್ರ ತೆಗೆದುಕೊಂಡರು, ಕೂಲಿ ಇಲ್ಲ. ಚಾಲಕ ಮರಾಠಿಯವನೋ, ಉತ್ತರ ಪ್ರದೇಶದವನೋ, ನಮ್ಮವನೋ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: "ಮನೆಯಲ್ಲಿ ಒಲೆ ಹೊತ್ತಿತಾ?"

ಸಂಘದಲ್ಲಿ ಅವರಿಗೆ ಪದವಿ ಯಾವುದೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕನ್ನಡ ತರಗತಿಯ ಬಾಗಿಲು ತೆರೆಯುವವರು ಅವರು, ಗುಡಿಸುವವರು ಅವರು. ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಸಾಬೂನಿನಲ್ಲಿ ತೊಳೆದು, ಬೆರಳು ಮೂಸಿ ನೋಡಿಕೊಂಡೇ ಮಕ್ಕಳ ಪುಸ್ತಕ ಮುಟ್ಟುತ್ತಿದ್ದರು. ತಮ್ಮ ಮಗಳನ್ನೂ ಮಗನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ತಾವು ಬಾಗಿಲ ಹೊರಗೆ ನಿಂತು, ಮಕ್ಕಳು ಕೂಗಿ ಓದುವ ಪಾಠವನ್ನು ತಾವೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಓದು ಅರ್ಧಕ್ಕೆ ನಿಂತವರ ಆಸೆ ಹಾಗಿರುತ್ತದೆ.

ಇನ್ನು ನಮ್ಮ ತಪ್ಪಿನ ಮಾತು. ಮೂರು ವರ್ಷದ ಹಿಂದೆ ನಾವು ಸಂಘದ ಜೊತೆ ಕಾರ್ಯದರ್ಶಿಗಳಾಗಿದ್ದಾಗ, ವಾರ್ಷಿಕೋತ್ಸವದಲ್ಲಿ ಮಿಸ್ತ್ರಿಯಣ್ಣನವರಿಗೆ ಸನ್ಮಾನವಾಗಬೇಕೆಂದು ಒಬ್ಬ ಸದಸ್ಯರು ಸೂಚಿಸಿದರು. ಯಾರೂ ವಿರೋಧಿಸಲಿಲ್ಲ. "ಈ ವರ್ಷ ದೊಡ್ಡ ದಾನಿಗಳದ್ದಾಗಲಿ, ಮಿಸ್ತ್ರಿಯಣ್ಣ ನಮ್ಮವರೇ ಅಲ್ಲವೆ, ಎಲ್ಲಿಗೆ ಹೋಗುತ್ತಾರೆ?" ಎಂಬ ಮಾತು ಬಂತು. ನಮ್ಮದು ಗುಮಾಸ್ತಿಕೆಯ ಕೈ. "ಮುಂದಿನ ವರ್ಷ ಪರಿಶೀಲಿಸತಕ್ಕದ್ದು" ಎಂದು ನಡಾವಳಿಯಲ್ಲಿ ದುಂಡಗೆ ಬರೆದೆವು. ಮರುವರ್ಷವೂ ಅದೇ ವಾಕ್ಯ. ದಾನಿಗಳ ಹೆಗಲಿಗೆ ಶಾಲು ಬೀಳುತ್ತಿದ್ದ ಹೊತ್ತಿನಲ್ಲಿ ಮಿಸ್ತ್ರಿಯಣ್ಣ ವೇದಿಕೆಯ ಕೆಳಗೆ ಮೈಕಿನ ತಂತಿ ಸರಿಮಾಡುತ್ತಿದ್ದರು. ಮುಖ ತೋರಿಸಲಾರದೆ ನಾವೇ ಮಾತು ತೆಗೆದರೆ, "ಶಾಲಿನಿಂದ ಗ್ರೀಸ್ ಹೋಗುದಿಲ್ಲ ಮಾರಾಯ್ರೆ, ಅದಕ್ಕೆ ಹಳೇ ಬನಿಯನ್ನೇ ಸೈ" ಎಂದು ನಕ್ಕುಬಿಟ್ಟರು. ನಾವೂ ನಕ್ಕೆವು. ನಮ್ಮ ಮನಸ್ಸು ಹಗುರಾಯಿತು.

2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗೂ ಇಪ್ಪತ್ತು ವರ್ಷ ತುಂಬಿ, ಕಾನೂನಿನಂತೆ ಅದು ರಸ್ತೆಯಿಂದ ಹೊರಟುಹೋಯಿತು. ಮಿಸ್ತ್ರಿಯಣ್ಣ ಅದಕ್ಕೂ ಅಳಲಿಲ್ಲ. "ಇಂಜಿನ್ನಿಗೂ ಪಿಂಚಣಿ ಬೇಕಲ್ವಾ" ಎಂದರು. ಸರಕಾರಿ ನೌಕರರಾದ ನಾವು ಅದನ್ನು ಒಪ್ಪಿಕೊಂಡೆವು. ಸ್ವಲ್ಪ ಕಾಲ ಕಳೆದು ಅವರೂ ಹಾಸಿಗೆ ಹಿಡಿದರು.

ಈ ಸಲದ ರಾಜ್ಯೋತ್ಸವದ ಸಂಜೆ ನಾಟಕದ ನಡುವೆ ದೀಪ ಹೋಯಿತು. ಸಂಘದ ಜನರೇಟರು ಇದ್ದೇ ಇತ್ತು. ಅದನ್ನು ಎಬ್ಬಿಸುವವರು ಇರಲಿಲ್ಲ. ಪದವೀಧರರಾದ ನಾವು ಐದು ಜನ ಸರದಿಯ ಮೇಲೆ ಹಗ್ಗ ಎಳೆದೆಳೆದು ಬೆವರಿದೆವು. ಆಗ ಹೆಂಗಸರ ಸಾಲಿನಿಂದ ಮಿಸ್ತ್ರಿಯಣ್ಣನ ಮನೆಯಾಕೆ ಎದ್ದು ಬಂದರು. "ಚೋಕ್ ಎಳೆದು ಎಳೆದು ಪ್ಲಗ್ ಒದ್ದೆ ಆಗಿರ್ತದೆ ತಮ್ಮಾ. ಪ್ಲಗ್ ಬಿಚ್ಚಿ ಒರೆಸಿ, ಚೋಕ್ ಬಿಟ್ಟು, ಎರಡು ಸಲ ಖಾಲಿ ಎಳೀರಿ. ಮತ್ತೆ ಪ್ಲಗ್ ಹಾಕಿ" ಎಂದರು. ಹಾಗೆಯೇ ಮಾಡಿದೆವು. ದೀಪ ಬಂತು. ಚಪ್ಪಾಳೆಯೂ ಬಂತು.

ಮರುದಿನ ಅವರ ಮನೆಗೆ ಹೋಗಿ, "ಅಕ್ಕಾ, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದೆವು. "ದಿನಾ ರಾತ್ರಿ ಊಟಕ್ಕೆ ಕೂತು ಅವತ್ತು ಬಿಚ್ಚಿದ್ದು ಜೋಡಿಸಿದ್ದು ಎಲ್ಲ ನಂಗೆ ಹೇಳ್ತಿದ್ರು. ಹೇಳದಿದ್ರೆ ಅನ್ನ ಸೇರ್ತಿರಲಿಲ್ಲ" ಎಂದರು. ಕಾಫಿ ತಂದಿಟ್ಟು, ತಡೆದು, ಇನ್ನೊಂದು ಮಾತನ್ನೂ ಹೇಳಿದರು. ಸನ್ಮಾನದ ಸುದ್ದಿಯನ್ನು ಯಾರೋ ಹುಡುಗರು ಅವರ ಕಿವಿಗೆ ಹಾಕಿದ್ದರಂತೆ. ಆ ವರ್ಷ ಒಂದು ಬಿಳಿಯ ಅಂಗಿ ಹೊಲಿಸಿದ್ದರಂತೆ. ಮರುವರ್ಷ ಅದನ್ನೇ ಇಸ್ತ್ರಿ ಮಾಡಿಸಿದ್ದರಂತೆ. ಎರಡು ಸಲವೂ ಅಂಗಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, "ಮೈಕ್ ಕೆಲಸ ಉಂಟು, ಕೊಳೆ ಆಗ್ತದೆ" ಎಂದು ನೀಲಿ ಅಂಗಿಯಲ್ಲೇ ಬಂದರಂತೆ. ಕೊನೆಗೆ ಬಿಳಿಯ ಅಂಗಿಯನ್ನು ತೊಡಿಸಿದ್ದು ಮಕ್ಕಳು, ಮಳೆಗಾಲದ ಆ ದಿನ.

ಆ ಕಾಫಿಯನ್ನು ನಾವು ಹೇಗೆ ಕುಡಿದೆವೋ ತಿಳಿಯದು. ಆಕೆ ದೂರಲಿಲ್ಲ, ದೂರಿದ್ದರೆ ಒಳ್ಳೆಯದಿತ್ತು.

ವಾಚಕರೇ, ಪುಣೆಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ, ನಿಮ್ಮ ನಿಮ್ಮ ಸಂಘಗಳಲ್ಲೂ ಒಬ್ಬ ಮಿಸ್ತ್ರಿಯಣ್ಣ ಇದ್ದೇ ಇರುತ್ತಾರೆ. ಪಾತ್ರೆ ಎಣಿಸುವವರು, ಚಾಪೆ ಸುತ್ತುವವರು, ಎಲ್ಲರೂ ಹೋದ ಮೇಲೆ ಬೀಗ ಹಾಕುವವರು. "ನಮ್ಮವರೇ ಅಲ್ಲವೆ" ಎಂದು ಅವರ ಕಡತವನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ. ತಳ್ಳುವುದರಲ್ಲಿ ನುರಿತ ಕೈಯೇ ಈ ಮಾತು ಬರೆಯುತ್ತಿದೆ.

ನಮ್ಮ ಮಟ್ಟಿಗೆ, ಭಾನುವಾರದ ತರಗತಿಯ ಬೀಗದ ಕೈ ಈಗ ನಮ್ಮ ಬಳಿ ಇದೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಬಾಗಿಲು ತೆರೆಯುತ್ತೇವೆ. ಗುಡಿಸುವುದು ಇನ್ನೂ ಅವರಷ್ಟು ಚೊಕ್ಕಟವಾಗಿ ಬರುತ್ತಿಲ್ಲ.