ರೇಡಿಯೇಟರಿನ ಹಸಿರು ನೀರು

ಮೋಟಾರು ಗ್ಯಾರೇಜಿನ ಮುಂದೆ ರೇಡಿಯೇಟರಿನ ತಳದ ತಿರುಪನ್ನು ಸಡಿಲಿಸಿ, ಹಳೆಯ ಕೂಲೆಂಟನ್ನು ಗಟಾರಕ್ಕೆ ಹರಿಯಬಿಡುವ ನೋಟವು ನಮ್ಮ ನಗರದಲ್ಲಿ ಅಪರೂಪವಲ್ಲ. ಹಸಿರೋ ಕೆಂಪೋ ಆದ ಆ ದ್ರವವು ಕ್ಷಣಮಾತ್ರದಲ್ಲಿ ಕಣ್ಮರೆಯಾಗುತ್ತದೆ. ಕಣ್ಮರೆಯಾದುದು ಇಲ್ಲವಾಯಿತೆಂಬ ಭ್ರಾಂತಿಯನ್ನು ಕುರಿತು ಎರಡು ಮಾತು ಹೇಳಬೇಕೆಂಬುದು ನಮ್ಮ ಇಚ್ಛೆ.

ಹಿಮ ಬೀಳದ ಮುಂಬಯಿಯಲ್ಲಿ ಹೆಪ್ಪುಗಟ್ಟದ ದ್ರವಕ್ಕೇನು ಕೆಲಸವೆಂದು ಯಾರಾದರೂ ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಬಹುತೇಕ ಕೂಲೆಂಟುಗಳ ಮುಖ್ಯ ದ್ರವ್ಯವಾದ ಎಥಿಲೀನ್ ಗ್ಲೈಕಾಲನ್ನು ನೀರಿನೊಡನೆ ಸರಿಸಮನಾಗಿ ಬೆರೆಸಿದರೆ, ಆ ಮಿಶ್ರಣವು ಶೂನ್ಯಕ್ಕಿಂತ 35 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೆಪ್ಪುಗಟ್ಟದು. 100 ಡಿಗ್ರಿ ಮುಟ್ಟಿದರೂ ಕುದಿಯದು. ಅದಕ್ಕೆ ಸೇರಿಸಿದ ರಸಾಯನಗಳು ತುಕ್ಕನ್ನೂ ತಡೆಯುತ್ತವೆ. ಲಡಾಖಿಗೆ ಮೊದಲನೆಯ ಗುಣ ಬೇಕು, ದಾದರಿನ ವಾಹನಸಂದಣಿಗೆ ಎರಡನೆಯದು.

ಈ ಗ್ಲೈಕಾಲಿಗೆ ಸ್ವತಃ ಬಣ್ಣವಿಲ್ಲ, ವಾಸನೆಯಿಲ್ಲ. ರುಚಿ ಮಾತ್ರ ಸಿಹಿ. ಅಪಾಯವಿರುವುದು ಅಲ್ಲಿಯೇ. ಹೊಟ್ಟೆಗೆ ಹೋದುದನ್ನು ಯಕೃತ್ತು ಹಂತಹಂತವಾಗಿ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಅದು ಕ್ಯಾಲ್ಸಿಯಮ್ಮಿನೊಡನೆ ಕೂಡಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಒಂದೆರಡು ಚಮಚದಷ್ಟು ಒಳಗೆ ಹೋದರೆ ಬೆಕ್ಕು ಬದುಕುವುದು ಕಷ್ಟ. ಬೇಸಗೆಯಲ್ಲಿ ಬಾಯಾರಿದ ಬೀದಿನಾಯಿ ಗುಂಡಿಯಲ್ಲಿ ನಿಂತುದನ್ನು ನೆಕ್ಕುತ್ತದೆ. ಷರಬತ್ತಿನ ಖಾಲಿ ಬಾಟಲಿಯಲ್ಲಿ ಯಾರೋ ತುಂಬಿಟ್ಟದ್ದನ್ನು ಮಗುವೂ ಕುಡಿದೀತು. ಇದೇ ಕುಲದ ಡೈಎಥಿಲೀನ್ ಗ್ಲೈಕಾಲ್ ಔಷಧದ ಗ್ಲಿಸರಿನ್ನಿನಲ್ಲಿ ಬೆರೆತು, ನಮ್ಮ ನಗರದ ಜೆ. ಜೆ. ಆಸ್ಪತ್ರೆಯಲ್ಲಿ 14 ಮಂದಿ ರೋಗಿಗಳು ತೀರಿಕೊಂಡದ್ದು 1986ರಲ್ಲಿ.

ಎಂಜಿನ್ನಿನೊಳಗೆ ವರ್ಷಗಟ್ಟಲೆ ಸುತ್ತಿದ ಕೂಲೆಂಟಿನಲ್ಲಿ ಸೀಸ, ತಾಮ್ರ ಮೊದಲಾದ ಲೋಹಗಳ ಅಂಶವೂ ಸೇರಿರುತ್ತದೆ. ರಸ್ತೆಬದಿಯ ಮಳೆನೀರಿನ ಗಟಾರಗಳನ್ನು ಕಟ್ಟಿದ್ದು ನೀರನ್ನು ಸಾಗಿಸುವುದಕ್ಕೆ, ಶೋಧಿಸುವುದಕ್ಕಲ್ಲ. ಕುರ್ಲಾದ ಗ್ಯಾರೇಜಿನಿಂದ ಹೊರಟದ್ದು ನಾಲೆ ಸೇರಿ, ಮೀಠಿ ನದಿ ಸೇರಿ, ಮಾಹಿಮಿನ ಖಾರಿಯಲ್ಲಿ ಸಮುದ್ರ ಕಾಣುತ್ತದೆ. ನೀರಿನ ಸೂಕ್ಷ್ಮಜೀವಿಗಳು ಗ್ಲೈಕಾಲನ್ನು ಕರಗಿಸಿಬಿಡುತ್ತವಲ್ಲ ಎಂದು ವಾದಿಸುವವರಿದ್ದಾರೆ. ನಿಜವೇ, ಆದರೆ ಹಾಗೆ ಮಾಡುವಾಗ ಅವು ನೀರಿನ ಪ್ರಾಣವಾಯುವನ್ನು ಹೀರಿಕೊಳ್ಳುತ್ತವೆ, ಮೀನು ಉಸಿರುಗಟ್ಟುತ್ತದೆ. ಸೀಸವಂತೂ ಎಲ್ಲಿಯೂ ಕರಗಿ ಮಾಯವಾಗುವುದಿಲ್ಲ.

ಇದಕ್ಕೆ ಗ್ಯಾರೇಜಿನ ಹುಡುಗನನ್ನು ಬೈಯುವುದು ಸುಲಭ. ನಮಗೆ ಅದು ನ್ಯಾಯವೆಂದು ತೋರುವುದಿಲ್ಲ. ಹಳೆಯ ಬ್ಯಾಟರಿಯನ್ನು ಅದೇ ಹುಡುಗ ಗಟಾರಕ್ಕೆ ಎಸೆಯುವನೇ? ಎಸೆಯನು. ಅದರ ಸೀಸಕ್ಕೆ ಬೆಲೆಯುಂಟು. ಮಾರಿದವರೇ ಅದನ್ನು ಮರಳಿ ಪಡೆಯಬೇಕೆಂದು 2001ರಲ್ಲಿಯೇ ನಿಯಮವಾಯಿತು, 2022ರ ನಿಯಮವು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಹಳೆಯ ಎಂಜಿನ್ ಆಯಿಲಿಗೂ ಗಿರಾಕಿಗಳಿದ್ದಾರೆ. ರದ್ದಿಯವನು ಹಳೆಯ ಪತ್ರಿಕೆಯನ್ನೂ ಬಿಡುವುದಿಲ್ಲ. ಹಳೆಯ ಕೂಲೆಂಟನ್ನು ಮಾತ್ರ ಕೇಳುವವರಿಲ್ಲ. ಕೇಳುವವರಿಲ್ಲದ್ದು ಗಟಾರದ ಪಾಲು. ಆದಕಾರಣ ಕೂಲೆಂಟಿನ ಪ್ರತಿ ಡಬ್ಬಿಯ ಮೇಲೆ, ಸೋಡಾ ಬಾಟಲಿಗೆ ಹಿಂದೆ ಇಡುತ್ತಿದ್ದಂತೆ, ಅಲ್ಪ ಠೇವಣಿಯನ್ನು ಪಡೆದು, ಹಳೆಯ ದ್ರವವನ್ನು ತಂದುಕೊಟ್ಟಾಗ ಅದನ್ನು ಹಿಂದಿರುಗಿಸಬೇಕೆಂಬುದು ನಮ್ಮ ಅಭಿಮತ. ಸೋಸಿ ಬಟ್ಟಿಯಿಳಿಸಿ ಗ್ಲೈಕಾಲನ್ನು ಮರಳಿ ಪಡೆಯುವ ವಿಧಾನ ಬಳಕೆಯಲ್ಲಿದೆ. ಬೇಕಾದುದು ಸಂಗ್ರಹದ ವ್ಯವಸ್ಥೆ. ಅದರ ವೆಚ್ಚವು ವಾಹನದ ಒಡೆಯನ ಮೇಲೆ ಬೀಳುವುದು ದಿಟ. ಗಾಡಿ ಕೊಳ್ಳುವಾಗ ಲಕ್ಷ ಲಕ್ಷ ಎಣಿಸಿದವರು ಅಷ್ಟಕ್ಕೆ ಮುಖ ಸಿಂಡರಿಸಬೇಕಾಗಿಲ್ಲ.

ಅಂಥ ವ್ಯವಸ್ಥೆ ಬರುವವರೆಗೆ ಸುಮ್ಮನಿರಬೇಕಾಗಿಲ್ಲ. ವಿದ್ಯಾರ್ಥಿಮಿತ್ರರೇ, ನಮ್ಮಲ್ಲಿ ಹಲವರ ತಂದೆಯವರೋ ಅಣ್ಣಂದಿರೋ ಟ್ಯಾಕ್ಸಿ, ಟೆಂಪೋ ನಡೆಸುವವರು. ಎಂಜಿನ್ ಪೂರ್ತಿ ಆರಿದ ಬಳಿಕವೇ ದ್ರವವನ್ನು ಇಳಿಸಲು ಅವರಿಗೆ ಹೇಳಿರಿ. ಆಯಿಲ್, ಪೆಟ್ರೋಲುಗಳೊಡನೆ ಬೆರೆಸಿದರೆ ಅದು ಪುನರ್ಬಳಕೆಗೆ ಬಾರದು. ಕೂಲೆಂಟಿನದೇ ಹಳೆಯ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ‘ವಿಷ’ವೆಂದು ಮನೆಮಂದಿಗೆಲ್ಲ ತಿಳಿಯುವ ಭಾಷೆಯಲ್ಲಿ ಬರೆದು, ಮಕ್ಕಳ ಕೈಗೆಟುಕದಂತೆ ಇಡಬೇಕು. ನೆಲಕ್ಕೆ ಚೆಲ್ಲಿದರೆ ನೀರು ಹೊಯ್ಯದೆ ಮರದ ಹೊಟ್ಟನ್ನೋ ಮರಳನ್ನೋ ಹರಡಿ ಹೀರಿಸಿ, ಅದನ್ನೂ ಚೀಲದಲ್ಲಿ ಕಟ್ಟಿಡಬೇಕು. ಬಳಿಕ ಗಾಡಿಯ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗಿ, ಹಳೆಯ ಕೂಲೆಂಟನ್ನು ಸ್ವೀಕರಿಸುವಿರಾ, ಸ್ವೀಕರಿಸಿ ಎಲ್ಲಿಗೆ ಕಳುಹಿಸುವಿರಿ ಎಂದು ವಿಚಾರಿಸಲಿ. ಮೊದಲ ಬಾರಿಗೆ ನಕ್ಕಾರು. ಹತ್ತು ಮಂದಿ ಟ್ಯಾಕ್ಸಿಯವರು ಬಂದು ಅದನ್ನೇ ಕೇಳಿದರೆ ಒಂದು ಪೀಪಾಯಿಯನ್ನಾದರೂ ತಂದಿಟ್ಟಾರು.